ನಾಲ್ಕನೇ ಸಾಲಿಗೆ ಯಾರು

ಏಣಿಯನ್ನು ನಾಲ್ಕನೇ ಸಾಲಿನಿಂದ ಹೊತ್ತು ತಂದಾಗ ಅವನ ದವಡೆ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಏಣಿ ಅಂದರೆ ಆ ಜೈಲಿನ ಒಬ್ಬ ವಾರ್ಡರ್. ಬಾಗಿಲ ಚೌಕಟ್ಟಿಗೆ ಹಣೆ ತಾಗುವಷ್ಟು ಉದ್ದ ಬೆಳೆದಿದ್ದಕ್ಕೆ ಜೊತೆಯವರು ಇಟ್ಟ ಹೆಸರು. ಬೆಳಿಗ್ಗೆ ಸೆಲ್ಲಿನ ಬಾಗಿಲು ತೆಗೆದು ಎಂಜಲು ತಟ್ಟೆ ಇಸಿದುಕೊಳ್ಳಲು ಕೈ ಚಾಚಿದ್ದಾನೆ, ಒಳಗಿದ್ದವನು ಆ ಸ್ಟೀಲಿನ ತಟ್ಟೆಯನ್ನೇ ಅಂಚು ಮುಂದಾಗಿ ಬೀಸಿದ್ದಾನೆ. ಎರಡನೇ ಏಟು ಕಿವಿಯ ಕೆಳಗೆ, ಮೂರನೆಯದು ಕೆಳಗೆ ಬಿದ್ದ ಮೇಲೆ. ಅದು ಪಾಳಿ ಬದಲಾಗುವ ಹೊತ್ತು. ಶಿಳ್ಳೆ ಕೇಳಿ ಓಡಿದವರಲ್ಲಿ ಮನೆಗೆ ಹೊರಟಿದ್ದ ವಾರ್ಡರ್ ಪಂಡಿತನೂ ಇದ್ದ, ಆಗಷ್ಟೇ ಕೆಲಸಕ್ಕೆ ಬಂದ ಅವನ ಭಾವಮೈದ ಪಟಾಕಿಯೂ ಇದ್ದ. ತಲೆಯನ್ನು ಪಂಡಿತ ಹಿಡಿದ, ಕಾಲನ್ನು ಪಟಾಕಿ. ಸಾಲಿನ ಉದ್ದಕ್ಕೂ ಕೈದಿಗಳು ಒಳಗಿನಿಂದ ಬಾಗಿಲು ಗುದ್ದುತ್ತಿದ್ದರು. ಆ ಸದ್ದು ಕಿವಿಗಿಂತ ಹೆಚ್ಚಾಗಿ ಎದೆಗೂಡಿಗೆ ಕೇಳಿಸುತ್ತಿತ್ತು.

"ಬಾಗಿಲ ಯಾವ ಪಕ್ಕ ನಿಂತಿದ್ದೆ?" ಎಂದು ಪಂಡಿತ ಕೇಳಿದ.

ಏಣಿಗೆ ಮಾತಾಡಲು ಬಾಯಿಯೇ ಇರಲಿಲ್ಲ. ಬೆರಳಿನಲ್ಲಿ ಏನೋ ತೋರಿಸಿದ.

"ಚಿಲಕದ ಪಕ್ಕ. ನೋಡಿದ್ಯಾ? ಕೀಲಿನ ಪಕ್ಕ ನಿಲ್ಲು, ಬಾಗಿಲನ್ನೇ ಗುರಾಣಿ ಮಾಡ್ಕೋ ಅಂತ ಎಷ್ಟು ಸಲ ಬಡ್ಕೊಂಡಿದೀನಿ."

"ಭಾವ, ಅವನ ಹಲ್ಲು ನನ್ನ ಜೇಬಲ್ಲಿದೆ. ಪಾಠ ಆಮೇಲೆ ಮಾಡು," ಎಂದ ಪಟಾಕಿ.

ಜೈಲಿನಲ್ಲಿ ಸೆಲ್ಲುಗಳ ಐದು ಸಾಲುಗಳಿದ್ದವು. ನಾಲ್ಕನೆಯದೊಂದನ್ನು ಬಿಟ್ಟರೆ ಉಳಿದ ಕಡೆ ಕೆಲಸ ಬರೀ ಕೆಲಸ. ಬೇರೆ ಸಾಲುಗಳಲ್ಲಿ ಇಟ್ಟುಕೊಳ್ಳಲಾಗದವರನ್ನೆಲ್ಲ ತಂದು ತುಂಬುತ್ತಿದ್ದುದು ಅಲ್ಲಿಗೆ. ಹಲ್ಲುಜ್ಜುವ ಬ್ರಷ್ಷನ್ನು ನೆಲಕ್ಕೆ ಉಜ್ಜಿ ಮೊನೆ ಮಾಡುವವರು, ಕಾದ ನೀರಿಗೆ ಸಕ್ಕರೆ ಕಲಸಿ ಮುಖಕ್ಕೆ ಎರಚುವವರು, ಸುಮ್ಮನೆ ಕೂತಿದ್ದು ಇದ್ದಕ್ಕಿದ್ದಂತೆ ಕತ್ತಿಗೆ ಬಾಯಿ ಹಾಕುವವರು. ವರ್ಷಕ್ಕೊಬ್ಬ ವಾರ್ಡರ್ ಅಲ್ಲಿಗೆ ಹೊಸದಾಗಿ ಹೋಗಬೇಕು, ಒಬ್ಬ ಈಚೆಗೆ ಬರಬೇಕು. ಹಿಂದೆಲ್ಲ ಚೀಟಿ ಎತ್ತುತ್ತಿದ್ದರು. ಚೀಟಿ ಬಂದವನು ಅಳುತ್ತಿದ್ದ, ಬಾರದವನು ಅವನ ಕಣ್ಣು ತಪ್ಪಿಸುತ್ತಿದ್ದ. ಅದನ್ನು ನಿಲ್ಲಿಸಿದವನು ಪಂಡಿತ.

ವಾರ್ಡರುಗಳೆಲ್ಲ ಆಗಲೇ ಫೋನಿನಲ್ಲಿ ಫ್ಯಾಂಟಸಿ ಫುಟ್‌ಬಾಲ್ ಆಡುತ್ತಿದ್ದರು. ನಿಜವಾದ ಲೀಗಿನ ಆಟಗಾರರಲ್ಲಿ ನಿಮಗೆ ಬೇಕಾದವರನ್ನು ಆರಿಸಿ ನಿಮ್ಮದೇ ಒಂದು ತಂಡ ಕಟ್ಟುವುದು. ಅವರು ಮೈದಾನದಲ್ಲಿ ಗೋಲು ಹೊಡೆದರೆ ನಿಮಗೆ ಅಂಕ, ಕೆಂಪು ಕಾರ್ಡು ತಿಂದು ಹೊರಬಿದ್ದರೆ ನಿಮ್ಮ ಅಂಕಕ್ಕೆ ಕತ್ತರಿ. ನೀವು ನಾಯಕನೆಂದು ಗುರುತು ಹಾಕಿದವನ ಅಂಕ, ಲಾಭವಾಗಲಿ ನಷ್ಟವಾಗಲಿ, ಎರಡರಷ್ಟು. ನಾಯಕ ಆಡಲಿಲ್ಲವೆಂದರೆ ಆ ಭಾಗ್ಯ ಉಪನಾಯಕನಿಗೆ. ಅಷ್ಟೇ ಆಟ. ಪಂಡಿತ ಅದರಲ್ಲಿ ಸತತವಾಗಿ ಗೆಲ್ಲುತ್ತಿದ್ದ. ಯಾವ ಬಲಗಾಲಿನವನು ಎಡಗಡೆ ಆಡಿದರೆ ಸೊರಗುತ್ತಾನೆ, ಯಾವ ಕೋಚು ಚಳಿಗಾಲದಲ್ಲಿ ಯಾರನ್ನು ಕೂರಿಸುತ್ತಾನೆ ಎಲ್ಲ ಅವನಿಗೆ ಅಂಗೈ ಗೆರೆ. ಹೆಸರು ಬಂದದ್ದೇ ಅದರಿಂದ.

"ಚೀಟಿ ಎತ್ತೋದು ಕುರುಡರ ಕೆಲಸ. ತಲೆ ಇರೋನು ಉಳೀಲಿ. ಲೀಗಲ್ಲಿ ಕೊನೇಗೆ ಬಂದವನು ನಾಲ್ಕಕ್ಕೆ ಹೋಗ್ಲಿ," ಎಂದು ಅವನೇ ಹೇಳಿದ್ದ. ಎಲ್ಲರೂ ದೊಡ್ಡೋರು ಎಂದು ಕರೆಯುತ್ತಿದ್ದ ಮುಖ್ಯ ವಾರ್ಡರ್ ಭುಜ ಕುಣಿಸಿ, "ಯಾರನ್ನಾದ್ರೂ ಕಳಿಸಿ, ನನ್ನ ಮುಂದೆ ಪಂಚಾಯ್ತಿ ತರಬೇಡಿ," ಎಂದಿದ್ದರು. ಏಣಿ ಹೋದ ವರ್ಷ ಕೊನೆಗೆ ಬಂದವನು.

ಅವನನ್ನು ಆಸ್ಪತ್ರೆಗೆ ಸಾಗಿಸಿ ಎಲ್ಲರೂ ಬಟ್ಟೆ ಬದಲಿಸುವ ಕೋಣೆಗೆ ಬಂದರು. ಪಂಡಿತ ತೋಳಿನ ರಕ್ತ ತೊಳೆಯುತ್ತಿದ್ದ. ಅದು ಬಿಸಿನೀರಿಗೆ ಹೋಗುವುದಿಲ್ಲ, ತಣ್ಣೀರೇ ಬೇಕು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

"ಭಾವ, ಒಂದು ಮಾತು ಹೇಳು. ತಟ್ಟೆ ಬಂತು, ಬಡೀತು. ಅದರಲ್ಲಿ ತಲೆ ಎಲ್ಲಿಂದ ಬಂತು?" ಎಂದ ಪಟಾಕಿ. "ಇವತ್ತು ಏಣಿ ಬದಲು ಇನ್ನೊಬ್ಬ ಇದ್ದಿದ್ರೆ ಅವನಿಗೆ ಬೀಳ್ತಿತ್ತು. ನಸೀಬು."

"ನಸೀಬು ಅನ್ನೋದು ಸೋತವನು ಹೊದ್ಕೊಳ್ಳೋ ಕಂಬಳಿ. ಇಪ್ಪತ್ತು ವರ್ಷ ಆಯ್ತು ನಾನು ಇಲ್ಲಿ, ಮೈಮೇಲೆ ಒಂದು ಗೀರಿದ್ರೆ ತೋರಿಸು."

"ನಾಲ್ಕಕ್ಕೆ ಡ್ಯೂಟಿಗೇ ಹೋಗದವನ ಮೈಮೇಲೆ ಗೀರು ಎಲ್ಲಿಂದ ಬರುತ್ತೆ," ಎಂದು ಮೂಲೆಯಿಂದ ದಡಿಯ ಅಂದ. ಬೆಲ್ಟಿಗೆ ತಾನೇ ಹೊಸ ತೂತು ಕೊರೆದುಕೊಳ್ಳುವಷ್ಟು ದಪ್ಪಗಿದ್ದ ಅವನು ಯಾರನ್ನೂ ಬಿಡುತ್ತಿರಲಿಲ್ಲ. ಎಲ್ಲರೂ ನಕ್ಕರು. ಪಂಡಿತ ಮಾತ್ರ ನಗದೆ ತೋಳು ಉಜ್ಜುತ್ತಲೇ ಇದ್ದ. ಯಾಕೆಂದರೆ ಆ ವರ್ಷದ ಲೀಗಿನಲ್ಲಿ ಕೆಳಗಿನಿಂದ ಮೊದಲನೆಯವನು ಅವನೇ ಆಗಿದ್ದ.

ಎಂದಿನಂತೆಯೇ ಲೆಕ್ಕಾಚಾರ ಹಾಕಿ ತಂಡ ಕಟ್ಟಿದ್ದ. ಎರಡನೇ ವಾರ ಅವನ ಮುಂಚೂಣಿ ಆಟಗಾರನ ಮೊಣಕಾಲ ಕೆಳಗಿನ ಮೂಳೆ ಮುರಿದು ಕಾಲುಚೀಲದಿಂದ ಹೊರಗೆ ಬಂತು. ಟಿವಿಯಲ್ಲಿ ಅದನ್ನು ಮತ್ತೆ ಮತ್ತೆ ತೋರಿಸಿದರು. ಅವನ ಬದಲಿಗೆ ತಂದವನು ಮೊದಲ ಆಟದಲ್ಲೇ ಎದುರಾಳಿಯ ಮೂಗಿಗೆ ಮೊಣಕೈ ಕೊಟ್ಟು ಹೊರಬಿದ್ದ. ಗೋಲ್‌ಕೀಪರ್ ಕಂಬಕ್ಕೆ ತಲೆ ಬಡಿದುಕೊಂಡು ಮೂರ್ಛೆ ಹೋದ. ಪಂಡಿತನ ತಂಡಕ್ಕೆ ಸೇರುವುದೆಂದರೆ ಆಸ್ಪತ್ರೆಗೆ ಹೆಸರು ಬರೆಸಿದ ಹಾಗೆ ಎಂದು ದಡಿಯ ಊರೆಲ್ಲ ಸಾರಿದ. ಈಗ ಉಳಿದದ್ದು ಕೊನೆಯ ವಾರ. ಕಟ್ಟಕಡೆಯಲ್ಲಿ ಪಂಡಿತ. ಅವನಿಗಿಂತ ಬರೀ ಮೂರು ಅಂಕ ಮೇಲೆ ಪಟಾಕಿ. ಮಿಕ್ಕವರೆಲ್ಲ ದಡ ಮುಟ್ಟಿದ್ದರು. ನಾಲ್ಕನೇ ಸಾಲಿಗೆ ಹೋಗುವವನು ಇವರಿಬ್ಬರಲ್ಲಿ ಒಬ್ಬ.

ಆ ಸಂಜೆ ಮನೆಯಲ್ಲಿ ಹೆಂಡತಿ ತಟ್ಟೆಗಳನ್ನು ಒರೆಸುತ್ತಾ ಇವನ ಕಡೆ ನೋಡದೆ ಹೇಳಿದಳು. "ರೀ, ನೀವೇ ಸೋತುಬಿಡಿ."

"ಏನು ಸೋಲೋದು ಅಂದ್ರೆ? ಅದೇನು ಕೈಲಿದೆಯಾ?"

"ಸೋಲೋದು ಕೈಲೇ ಇರುತ್ತೆ. ಆಡದೇ ಇರೋರನ್ನ ಆರಿಸಿ. ನನಗೂ ಅಷ್ಟು ಗೊತ್ತು, ವರ್ಷವೆಲ್ಲ ಕೇಳಿದೀನಲ್ಲ." ತಟ್ಟೆಯನ್ನು ಕೆಳಗಿಟ್ಟಳು. "ನನ್ನ ತಮ್ಮ ಅಲ್ಲಿಗೆ ಹೋದ್ರೆ ಏನಾಗುತ್ತೆ ಅಂತ ನಿಮಗೂ ಗೊತ್ತು. ಅವನು ಹೊಡೆಸ್ಕೊಂಡು ಬರೋನಲ್ಲ. ಒಂದೋ ಹೆಣವಾಗ್ತಾನೆ, ಇಲ್ಲ ಯಾರನ್ನೋ ಹೆಣ ಮಾಡಿ ಅಲ್ಲೇ ಒಳಗಡೆ ಉಳೀತಾನೆ."

ಅದು ಸುಳ್ಳಲ್ಲ. ಹಿಂದಿನ ವರ್ಷ ಎರಡನೇ ಸಾಲಿನಲ್ಲಿ ಒಬ್ಬ ಕೈದಿ ಪಟಾಕಿಯ ಮುಖಕ್ಕೆ ಉಗಿದಿದ್ದ. ಪಟಾಕಿ ಲಾಠಿ ಮುರಿಯುವವರೆಗೆ ಹೊಡೆದ, ಮುರಿದ ಮೇಲೆ ತುಂಡಿನಲ್ಲಿ ಹೊಡೆದ. ಬಿಡಿಸಲು ಹೋದ ದಡಿಯನ ಹುಬ್ಬೂ ಸೀಳಿತು. ಕೈದಿಯ ಕಿವಿಯಿಂದ ರಕ್ತ ಸೋರುತ್ತಿದ್ದರೂ ಪಟಾಕಿ ನಿಲ್ಲಿಸಲಿಲ್ಲ. ಕಣ್ಣಲ್ಲಿ ಯಾರೂ ಇಲ್ಲದವನ ಹಾಗೆ ಹೊಡೆಯುತ್ತಿದ್ದ. ಮರುದಿನ ಅಕ್ಕನ ಮನೆಗೆ ಬಂದು ಮಗುವಿನ ಹಾಗೆ ಅತ್ತಿದ್ದ. ಇನ್ನೊಂದು ಸಲ ಹೀಗಾದರೆ ನೇರ ಕೇಸು ಎಂದು ದೊಡ್ಡೋರು ಎಚ್ಚರಿಸಿದ್ದರು. ತಾಯಿಯಿಲ್ಲದ ಆ ಹುಡುಗನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಈ ಕೆಲಸಕ್ಕೆ ಸೇರಿಸಿದವನು ಪಂಡಿತ.

"ಬೇಕಂತ ಸೋಲೋದು ನನ್ನಿಂದ ಆಗಲ್ಲ," ಎಂದ ಪಂಡಿತ. "ಅವನು ತಲೆ ಓಡಿಸ್ಲಿ, ಗೆಲ್ಲಲಿ. ಮೂರು ಅಂಕ ಮುಂದಿದಾನಲ್ಲ."

ಅವನು ಹೇಳದೆ ಬಿಟ್ಟದ್ದು ಅವಳಿಗೆ ಕೇಳಿಸಿತ್ತು. ಏಣಿಯ ದವಡೆ ಕೈಯಲ್ಲಿ ಹಿಡಿದಾಗ ಒಡೆದ ಮಡಕೆಯ ಹಾಗೆ ಕರಕರ ಅಂದಿತ್ತಲ್ಲ, ಆ ಅನುಭವ ಅವನ ಬೆರಳ ತುದಿಯಲ್ಲಿ ಇನ್ನೂ ಇತ್ತು. ಅವನಿಗೆ ಭಯವಾಗಿತ್ತು.

ಜೈಲಿನೊಳಗೆ ಫೋನು ಒಯ್ಯುವಂತಿಲ್ಲ. ಗೇಟಿನಲ್ಲಿ ಗೂಡಿಗೆ ಹಾಕಿ, ಬೀಗ ಜಡಿದು ಒಳಗೆ ಹೋದರೆ ಪಾಳಿ ಮುಗಿಯುವವರೆಗೆ ಹೊರಗಿನ ಲೋಕ ಸತ್ತ ಹಾಗೆ. ಆದರೆ ಆಟಗಾರರಿಗೆ ನೆಗಡಿ ಬರುವುದು, ಕಾಲು ಉಳುಕುವುದು ಎಲ್ಲ ಆಟಕ್ಕೆ ಸ್ವಲ್ಪ ಮುಂಚೆಯೇ ಗೊತ್ತಾಗುವುದು. ಅದಕ್ಕಾಗಿ ಪ್ರತಿಯೊಬ್ಬನಿಗೂ ಎದುರು ಪಾಳಿಯಲ್ಲಿ ಒಬ್ಬ ಜೊತೆಗಾರನಿದ್ದ. ಅವನಿಗೆ 'ಹೊರಗಿನ ಕೈ' ಎನ್ನುತ್ತಿದ್ದರು. ಒಳಗಿರುವವನ ಪಾಸ್‌ವರ್ಡ್ ಅವನ ಬಳಿ ಇರುತ್ತಿತ್ತು. ಕೊನೆ ಗಳಿಗೆಯಲ್ಲಿ ತಂಡ ಬದಲಿಸಬೇಕಾದರೆ ತನ್ನದೇ ತಂಡವೆಂಬಂತೆ ಯೋಚಿಸಿ ಬದಲಿಸಬೇಕು. ಒಳಗಿದ್ದವನು ಈಚೆ ಬಂದು ಯಾಕೆ ಹೀಗೆ ಮಾಡಿದೆ ಎಂದು ಕೇಳುವಂತಿಲ್ಲ. ಜಗಳಗಂಟರೇ ತುಂಬಿದ ಆ ಜಾಗದಲ್ಲಿ ಈ ಒಂದು ವಿಷಯಕ್ಕೆ ಇದುವರೆಗೆ ಜಗಳವಾಗಿರಲಿಲ್ಲ.

ಪಟಾಕಿಯ ಹೊರಗಿನ ಕೈ ಪಂಡಿತ.

"ಈ ವಾರ ಮಾತ್ರ ಬೇರೆಯವರಿಗೆ ಕೊಡೋ," ಎಂದು ದಡಿಯ ಹೇಳಿದ್ದ. "ಇಬ್ಬರಲ್ಲಿ ಒಬ್ಬ ಮುಳುಗಬೇಕು. ಮುಳುಗೋನ ಕೈಗೆ ಯಾರಾದ್ರೂ ತಮ್ಮ ಹಗ್ಗ ಕೊಡ್ತಾರಾ?"

"ನಮ್ಮ ಭಾವನ್ನ ನಂಬದೆ ಇನ್ನು ನಿನ್ನ ನಂಬ್ಲಾ? ನನ್ನ ತಿಂಡಿ ಡಬ್ಬಿ ಕೂಡ ನಿನ್ನ ಹತ್ರ ಇಡಲ್ಲ ನಾನು," ಎಂದು ಪಟಾಕಿ ನಕ್ಕಿದ್ದ.

ಕೊನೆಯ ಭಾನುವಾರ ಪಟಾಕಿಗೆ ಹಗಲು ಪಾಳಿ, ಪಂಡಿತನಿಗೆ ರಜ. ಆಟ ಶುರುವಾಗುವ ಸ್ವಲ್ಪ ಮುಂಚೆ ಸುದ್ದಿ ಬಂತು: ಪಟಾಕಿ ನಾಯಕನೆಂದು ಗುರುತು ಹಾಕಿದ್ದ ಜುಟ್ಟಿನ ಆಟಗಾರನಿಗೆ ಹೊಟ್ಟೆ ಕೆಟ್ಟಿದೆ, ಆಡುವುದಿಲ್ಲ. ಪಂಡಿತ ಭಾವಮೈದನ ತಂಡ ತೆಗೆದು ನೋಡಿದ. ಉಪನಾಯಕ ಯಾರೆಂದು ನೋಡಿ ತಲೆ ಚಚ್ಚಿಕೊಂಡ. ಒಬ್ಬ ಮುದುಕ. ಹಿಂದೆ ನಿಂತು ಚೆಂಡು ತಡೆಯುವವನು, ಮುಂದಿನ ವರ್ಷ ನಿವೃತ್ತಿಯಾಗುವವನು, ಗೋಲು ಹೊಡೆದದ್ದು ಯಾವಾಗಲೆಂದು ಅವನಿಗೇ ಮರೆತಿರಬೇಕು. ಇವನನ್ನು ತಂಡಕ್ಕೆ ಯಾಕೆ ಹಾಕಿಕೊಂಡೆ ಎಂದು ಹಿಂದೊಮ್ಮೆ ಕೇಳಿದಾಗ, "ನೋಡು ಭಾವ, ಮುಖ ನಮ್ಮ ಅಪ್ಪನ ಥರ ಇಲ್ವಾ?" ಎಂದಿದ್ದ ಪಟಾಕಿ.

ಪಂಡಿತ ಏನೂ ಮಾಡದೆ ಕೂತರೆ ಸಾಕಿತ್ತು. ಮುದುಕ ನಾಯಕನಾಗುತ್ತಾನೆ, ನಾಲ್ಕು ಕಾಸಿನ ಅಂಕ ತರುತ್ತಾನೆ. ಇತ್ತ ಪಂಡಿತನ ತಂಡದಲ್ಲಿ ಕಾಲು ಮುರಿಯದೆ ಉಳಿದವರಿಗೆ ಆ ದಿನ ಸುಲಭದ ಎದುರಾಳಿಗಳು. ಆ ಅಂತರ ದಾಟುವುದು ಕಷ್ಟವಲ್ಲ. ನಿದ್ದೆ ಬಂದಿತ್ತು ಎನ್ನಬಹುದು. ಬಚ್ಚಲಲ್ಲಿದ್ದೆ ಎನ್ನಬಹುದು. ನೆಟ್‌ವರ್ಕ್ ಇರಲಿಲ್ಲ ಎಂದರೆ ಯಾರೂ ನಂಬದೆ ಇರಲಾರರು. ಅವನು ಎದ್ದು ಬಚ್ಚಲಿಗೆ ಹೋಗಿಯೂ ಹೋದ. ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ, ಕನ್ನಡಿಯಲ್ಲಿ ತನ್ನ ದವಡೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತ. ಗಟ್ಟಿಯಾಗಿತ್ತು. ಇಪ್ಪತ್ತು ವರ್ಷ ಜೋಪಾನ ಮಾಡಿದ ದವಡೆ. ಆಮೇಲೆ ಲಾಠಿಯ ತುಂಡು ಹಿಡಿದು ನಿಂತ ಪಟಾಕಿಯ ಕಣ್ಣು ನೆನಪಾಯಿತು.

ಈಚೆ ಬಂದ. ಹೆಂಡತಿ ಮೇಜಿನ ಬಳಿ ನಿಂತು ಫೋನನ್ನೇ ನೋಡುತ್ತಿದ್ದಳು.

"ಅವನ ಟೀಮಲ್ಲಿ ಗೂಳಿ ಇದಾನೆ," ಎಂದ ಪಂಡಿತ. ಗೂಳಿ ಅಂದರೆ ಆ ವರ್ಷ ಲೀಗಿನಲ್ಲೇ ಹೆಚ್ಚು ಗೋಲು ಹೊಡೆದವನು. "ಗೂಳೀನ ನಾಯಕ ಮಾಡಿದ್ರೆ ಇವನು ಗೆದ್ದ ಅಂತಲೇ ಲೆಕ್ಕ."

"ಆಮೇಲೆ ನೀವು?"

"ನಾನು ಕೀಲಿನ ಪಕ್ಕ ನಿಂತ್ಕೋತೀನಿ." ಗುಂಡಿ ಒತ್ತಿದ. ಗುರುತು ಬಿದ್ದದ್ದನ್ನು ಅವಳ ಕಡೆ ತಿರುಗಿಸಿ ಹಿಡಿದ. ಅವಳು ಅದನ್ನು ನೋಡಿದಳು.

ತಲೆ ಇದ್ದ ಯಾರೇ ಆದರೂ ಅದನ್ನೇ ಮಾಡುತ್ತಿದ್ದರು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆಟ ಶುರುವಾಗಿ ಜನ ಇನ್ನೂ ಸರಿಯಾಗಿ ಕೂತಿರಲಿಲ್ಲ, ಗೂಳಿಯ ಅಂಗಿಯನ್ನು ಯಾರೋ ಎಳೆದರು. ಗೂಳಿ ತಿರುಗಿದ, ಎಳೆದವನ ಹಣೆಗೆ ತನ್ನ ಹಣೆಯಿಂದ ಗುದ್ದಿದ. ಹುಬ್ಬು ಒಡೆದು ಬಿಳಿ ಅಂಗಿಯ ಮೇಲೆ ರಕ್ತ ಇಳಿಯಿತು. ಕೆಂಪು ಕಾರ್ಡು. ಕಳೆದ ಅಂಕ, ಅದರ ಎರಡರಷ್ಟು. ಪಂಡಿತ ಮೇಜಿಗೆ ಗುದ್ದಿದ ಹೊಡೆತಕ್ಕೆ ನೀರಿನ ಲೋಟ ಬಿದ್ದು ಒಡೆಯಿತು. ಅದೂ ಸಾಲದೆಂಬಂತೆ, ಈಗ ನಾಯಕನಲ್ಲದ ಮುದುಕ ಆಮೇಲಿನ ಆಟದಲ್ಲಿ ಎರಡು ಸಲ ಮುಂದೆ ಓಡಿ ಬಂದು ಮೂಲೆಯಿಂದ ಒದ್ದ ಕಾರ್ನರ್ ಚೆಂಡಿಗೆ ತಲೆ ಕೊಟ್ಟು ಎರಡು ಗೋಲು ಹೊಡೆದ. ಎರಡನೆಯದು ಅವನ ಹಣೆಗೆ ಬಡಿಯಿತೋ ಬೆನ್ನಿಗೆ ಬಡಿಯಿತೋ ಟಿವಿಯವರಿಗೇ ತಿಳಿಯಲಿಲ್ಲ.

ಪಂಡಿತ ಆ ಗುಂಡಿ ಒತ್ತದೇ ಇದ್ದಿದ್ದರೆ ಪಟಾಕಿ ದೊಡ್ಡ ಅಂತರದಲ್ಲಿ ಪಾರಾಗುತ್ತಿದ್ದ. ಒತ್ತಿದ್ದರಿಂದ ಕೊನೆಗೆ ಬಂದ. ಪಂಡಿತ ಅವನಿಗಿಂತ ಎರಡು ಅಂಕ ಮೇಲೆ.

ಮರುದಿನ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಗೆ ಪಂಡಿತ ಹೋದಾಗ ಪಟಾಕಿ ಬೆಂಚಿನ ಮೇಲೆ ಕೂತಿದ್ದ. ಎದ್ದ. "ಭಾವ" ಎನ್ನುತ್ತಾನೆಂದು ಪಂಡಿತ ಕಾದ. ಬಂದದ್ದು ಮುಷ್ಟಿ.

ಮೊದಲ ಏಟಿಗೇ ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಎರಡನೆಯದು ಕಿಬ್ಬೊಟ್ಟೆಗೆ. ಬಗ್ಗಿದವನ ಕೂದಲು ಹಿಡಿದು ಪಟಾಕಿ ತಗಡಿನ ಬೀರುವಿಗೆ ತಲೆ ಬಡಿದ. ಬೀರುವಿನ ಬಾಗಿಲು ಒಳಕ್ಕೆ ಡೊಂಕಾಯಿತು. ಕೆಳಗೆ ಬಿದ್ದ ಪಂಡಿತನ ಪಕ್ಕೆಗೆ ಬೂಟು ಬಿತ್ತು, ಮತ್ತೆ ಬಿತ್ತು. ಒಳಗೆ ಏನೋ ಒಣಕಡ್ಡಿ ಮುರಿದ ಹಾಗೆ ಲಟಕ್ಕೆಂದಿತು. ಅವನು ತಿರುಗಿಸಿ ಹೊಡೆಯಲಿಲ್ಲ. ಕೈ ಅಡ್ಡ ಇಡಲೂ ಇಲ್ಲ. ದಡಿಯ ಹಿಂದಿನಿಂದ ಬಂದು ತನ್ನ ಭಾರವನ್ನೆಲ್ಲ ಪಟಾಕಿಯ ಬೆನ್ನಿಗೆ ಹೇರಿ ಗೋಡೆಗೆ ಒತ್ತಿ ಹಿಡಿದ.

"ನನ್ನ ಟೀಮು ಮುಟ್ಟಿದ್ಯಲ್ಲ," ಎಂದ ಪಟಾಕಿ. ಉಸಿರು ಸಿಕ್ಕುತ್ತಿರಲಿಲ್ಲ. "ಸುಮ್ನೆ ಬಿಟ್ಟಿದ್ರೆ ಆಗ್ತಿತ್ತು. ಬಿಡ್ಲಿಲ್ಲ ನೀನು. ಅಕ್ಕನ ಮುಖ ನೋಡಿಯಾದ್ರೂ ಬಿಡಬಾರದಿತ್ತಾ?"

ಪಂಡಿತ ಬಾಯಿಂದ ರಕ್ತ ಉಗಿದ. "ಒಳ್ಳೇದಕ್ಕೇ ಮಾಡಿದ್ದು ಕಣೋ. ಗೂಳಿ ಹಾಗೆ ಮಾಡ್ತಾನೆ ಅಂತ ಯಾರಿಗೆ ಗೊತ್ತಿತ್ತು. ನಸೀಬು. ನಮ್ಮಿಬ್ಬರ ನಸೀಬು ಕೆಟ್ಟಿತ್ತು."

ಕೋಣೆಯಲ್ಲಿ ಯಾರೋ ಒಬ್ಬ ನಕ್ಕ. ಅವನ ಹಿಂದೆ ಇನ್ನೊಬ್ಬ. ಪಟಾಕಿಯನ್ನು ಒತ್ತಿ ಹಿಡಿದಿದ್ದ ದಡಿಯನ ಹೊಟ್ಟೆಯೂ ಕುಲುಕಿತು.

"ಏನಂದ್ರಿ ಪಂಡಿತರೇ? ಇನ್ನೊಂದು ಸಲ ಹೇಳಿ," ಎಂದ ದಡಿಯ. "ಏಣಿಗೆ ದವಡೆ ಮುರಿದಾಗ ನಸೀಬಲ್ಲ, ಅವನು ದಡ್ಡ. ನಾವು ಸೋತಾಗ ನಸೀಬಲ್ಲ, ನಮಗೆ ತಲೆಯಿಲ್ಲ. ಈಗ ನಿಮ್ಮ ಬಾಯಿಗೇ ಆ ಮಾತು ಬಂತಾ? ನೀವೇ ಹೇಳಿದ್ದಲ್ವಾ, ನಸೀಬು ಅನ್ನೋದೇ ಇಲ್ಲ ಅಂತ. ಇಲ್ಲ ಅಂದಮೇಲೆ ಇದನ್ನ ನೀವು ಲೆಕ್ಕ ಹಾಕೇ ಮಾಡಿರಬೇಕು."

ಒದೆತಕ್ಕಿಂತ ಆ ನಗು ಹೆಚ್ಚು ನೋಯಿಸಿತು. ಪಂಡಿತ ಬೀರುವಿಗೆ ಒರಗಿ ಎದ್ದು ಕೂತ. ವರ್ಷಗಟ್ಟಲೆ ತಾನೇ ಕಟ್ಟಿದ ಗೋಡೆ, ತಾನೇ ಅದರೊಳಗೆ ಸಿಕ್ಕಿಕೊಂಡಿದ್ದ.

ಸಂಜೆ ಪಾಳಿ ಬಿಡುವ ಹೊತ್ತಿಗೆ ಮನೆಯಿಂದ ಹೆಂಡತಿ ತಮ್ಮನಿಗೆ ಫೋನು ಮಾಡಿದಳು. ಗುಂಡಿ ಒತ್ತಿ ತನಗೆ ತೋರಿಸಿದ್ದು, ಲೋಟ ಒಡೆದದ್ದು ಎಲ್ಲ ಹೇಳಿದಳು. "ನೀನು ಅವನ ಹೆಂಡತಿ. ಇನ್ನೇನು ಹೇಳ್ತೀಯ ಅಕ್ಕ," ಎಂದು ಅವನು ಇಟ್ಟುಬಿಟ್ಟ. ಅವಳು ಪಂಡಿತನ ಪಕ್ಕೆಗೆ ಬಟ್ಟೆ ಬಿಗಿಯುತ್ತಿದ್ದಳು. ಬಿಗಿಯುವಾಗ ಬೇಕಂತಲೇ ಗಟ್ಟಿಯಾಗಿ ಎಳೆದಳು. ಯಾರ ಮೇಲಿನ ಸಿಟ್ಟೋ.

"ನಾಳೆಯಿಂದ ಅವನು ಅಲ್ಲಿಗೆ ಹೋಗ್ತಾನೆ," ಎಂದಳು. "ಹೋಗೋ ಮುಂಚೆನೇ ಕೆರಳಿದಾನೆ. ಅಲ್ಲಿ ಮೊದಲು ಯಾರು ಎದುರಿಗೆ ಸಿಗ್ತಾರೋ ಅವರ ಗತಿ ಮುಗೀತು. ಅವನ ಗತಿನೂ."

ಪಂಡಿತ ಅಂಗಿ ಹಾಕಿಕೊಂಡ. ಗುಂಡಿ ಹಾಕಲು ಕೈ ಮೇಲೆತ್ತಲು ಆಗುತ್ತಿರಲಿಲ್ಲ, ಅವಳೇ ಹಾಕಿದಳು.

ಅವನು ನೇರ ದೊಡ್ಡೋರ ಕೋಣೆಗೆ ಹೋದ. ಅವರು ಮರುದಿನದ ಡ್ಯೂಟಿ ಹಂಚುತ್ತಿದ್ದರು. ದಡಿಯ, ಪಟಾಕಿ, ಇನ್ನಿಬ್ಬರು ಗೋಡೆಗೆ ಒರಗಿ ನಿಂತಿದ್ದರು.

"ನಾಲ್ಕಕ್ಕೆ ನಾನು ಹೋಗ್ತೀನಿ ಸಾರ್."

"ನಿಯಮ ಮಾಡಿದ್ದು ನೀನೇ. ಕೊನೆಗೆ ಬಂದವನು ಹೋಗಬೇಕು. ಇವತ್ತು ನಿನಗೆ ಕನಿಕರ ಬಂತು ಅಂತ ಬಿಟ್ರೆ ನಾಳೆ ಎಲ್ಲರಿಗೂ ಕನಿಕರ ಬರುತ್ತೆ. ಆಗಲ್ಲ."

"ನಾನು ಮೋಸ ಮಾಡಿದೆ."

ದೊಡ್ಡೋರು ಪೆನ್ನು ಕೆಳಗಿಟ್ಟರು.

"ಬೇಕಂತಲೇ ಮಾಡಿದ್ದು," ಎಂದ ಪಂಡಿತ. ಸೀಳಿದ ತುಟಿಯಿಂದ ಮಾತು ಸ್ಪಷ್ಟವಾಗಿ ಬರುತ್ತಿರಲಿಲ್ಲ, ಅದಕ್ಕೆ ನಿಧಾನವಾಗಿ ಹೇಳಿದ. "ಗೂಳಿ ಎರಡು ವಾರದಿಂದ ಕುದೀತಿದ್ದ, ಎದುರು ನಿಂತವನು ಅಂಗಿ ಎಳೆಯೋದಕ್ಕೆ ಹೆಸರಾದವನು, ರೆಫರಿ ಮಹಾ ಕಟ್ಟುನಿಟ್ಟು. ಕೆಂಪು ಕಾರ್ಡು ಬಂದೇ ಬರುತ್ತೆ ಅಂತ ನನಗೆ ಗೊತ್ತಿತ್ತು. ಮುದುಕನ ಎದುರಾಳಿಗಳು ಕಾರ್ನರಿಗೆ ಕಣ್ಣು ಮುಚ್ಕೊಂಡು ನಿಲ್ತಾರೆ. ಅವನು ಗೋಲು ಹೊಡೀತಾನೆ ಅಂತಲೂ ಲೆಕ್ಕ ಹಾಕಿದ್ದೆ. ಅದಕ್ಕೇ ಬದಲಾಯಿಸಿದೆ."

ಇಷ್ಟನ್ನು ಭೂಮಿಯ ಮೇಲೆ ಯಾರೂ ಮೊದಲೇ ತಿಳಿದಿರಲು ಸಾಧ್ಯವಿಲ್ಲ. ಹೇಳುತ್ತಿರುವಾಗ ಅವನಿಗೇ ನಗು ಬರುವ ಹಾಗಿತ್ತು. ಯಾರಾದರೂ ಈಗ ಎದ್ದು, ಏನು ಪುಂಗಿ ಊದ್ತೀಯೋ ಎನ್ನುತ್ತಾರೆಂದು ಕಾದ. ಯಾರೂ ಅನ್ನಲಿಲ್ಲ. ಎಲ್ಲರೂ ತಲೆ ಆಡಿಸಿದರು. ಪಂಡಿತನಲ್ಲವೇ. ಅವನಿಗೆ ಗೊತ್ತಿರುತ್ತದೆ.

"ಥೂ," ಎಂದ ದಡಿಯ. ಈ ಸಲ ತಮಾಷೆ ಇರಲಿಲ್ಲ. ನಿಜವಾಗಿಯೇ ಉಗಿದ, ಪಂಡಿತನ ಬೂಟಿನ ಹತ್ತಿರ.

ಪಟಾಕಿಯ ಮುಖ ಬಿಳಿಚಿತ್ತು. ಬೆಳಿಗ್ಗೆ ಹೊಡೆಯುವಾಗಲೂ ಅವನೊಳಗೆ ಎಲ್ಲೋ ಒಂದು ಕಡೆ, ಭಾವ ಹಾಗೆ ಮಾಡಿರಲಾರ ಎಂಬುದು ಉಳಿದಿತ್ತು ಅಂತ ಕಾಣುತ್ತದೆ. ಅದು ಈಗ ಹೋಯಿತು. ಹೋಗುವುದನ್ನು ಪಂಡಿತ ಕಣ್ಣಾರೆ ನೋಡಿದ.

"ಹಾಗಾದ್ರೆ ಫಲಿತಾಂಶ ರದ್ದು," ಎಂದರು ದೊಡ್ಡೋರು. "ಪಕ್ಕೆ ಕೂಡಿಕೊಂಡ ಮೇಲೆ ನೀನು ನಾಲ್ಕಕ್ಕೆ. ಅಲ್ಲಿಯ ತನಕ ಅಲ್ಲಿ ಈಗಿರೋರೇ ನೋಡ್ಕೊಳ್ಲಿ."

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ ಒಂದೇ ಮಾತು ಕೇಳಿದಳು. "ನಿಜ ನಾನು ಹೇಳ್ಲಾ ಅವನಿಗೆ, ಮತ್ತೊಂದು ಸಲ?"

"ಬೇಡ. ನಿಜ ಗೊತ್ತಾದ್ರೆ ಅವನು ಸುಮ್ನೆ ಇರ್ತಾನಾ? ನಾನೇ ಹೋಗ್ತೀನಿ ಅಂತ ಎದೆ ಉಬ್ಬಿಸ್ಕೊಂಡು ಬರ್ತಾನೆ. ಬೈಕೊಂಡು ಹೊರಗಿರ್ಲಿ."

ಪಕ್ಕೆ ಪೂರಾ ಕೂಡಿಕೊಳ್ಳಲೇ ಇಲ್ಲ, ಆದರೂ ಅವನು ಹೋದ. ನಾಲ್ಕನೇ ಸಾಲಿನ ವಾಸನೆ ಬೇರೆ: ಬ್ಲೀಚು, ಬೆವರು, ಸುಟ್ಟ ಬಟ್ಟೆ. ಮೊದಲ ದಿನವೇ ಒಬ್ಬ ಕಿಂಡಿಯಿಂದ ಅವನ ಬೆರಳು ಹಿಡಿದು ತಿರುಚಿದ. ಎರಡನೆಯ ವಾರ ಯಾವನೋ ಎರಚಿದ ಬಿಸಿನೀರು ಕತ್ತಿನ ಒಂದು ಪಕ್ಕದ ಚರ್ಮ ಸುಲಿಯಿತು. ಪಂಡಿತ ಪ್ರತಿ ಬಾಗಿಲಲ್ಲೂ ಕೀಲಿನ ಪಕ್ಕವೇ ನಿಲ್ಲುತ್ತಿದ್ದ. ಕೈದಿಗಳು ಅದನ್ನು ಬೇಗ ಗಮನಿಸಿದರು. ಒಬ್ಬ ಅದಕ್ಕೆಂದೇ ಬಾಗಿಲನ್ನು ಒಳಗಿನಿಂದ ಒದ್ದ. ಕಬ್ಬಿಣ ಬಂದು ಇವನ ಮುಖಕ್ಕೆ ಅಪ್ಪಳಿಸಿತು. ಮೂಗು ಮುರಿದ ಮೇಲೆ, ನಿಲ್ಲಲು ಒಳ್ಳೆಯ ಪಕ್ಕವೆಂಬುದೇ ಇಲ್ಲವೆಂದು ಅವನಿಗೆ ತಿಳಿಯಿತು.

ಒಂದು ದಿನ ಪಾಳಿ ಮುಗಿಯುವ ಹೊತ್ತಿಗೆ ತುದಿಯ ಸೆಲ್ಲಿನವನನ್ನು ಸ್ನಾನಕ್ಕೆ ಕರೆದೊಯ್ಯಬೇಕಿತ್ತು. ಜೊತೆಗೆ ಆ ಸಾಲಿನಲ್ಲೇ ಹಣ್ಣಾದ ಒಬ್ಬ ಹಳೆಯ ವಾರ್ಡರ್. ಬಾಗಿಲು ತೆಗೆದರು. ಕೈದಿ ತಲೆ ತಗ್ಗಿಸಿಕೊಂಡು ಬಂದ, ಟವೆಲ್ಲಿನೊಳಗಿಂದ ಕೈ ತೆಗೆದ, ಮೊನೆ ಮಾಡಿದ ಬ್ರಷ್ಷನ್ನು ಪಂಡಿತನ ಗಂಟಲಿಗೆ ಗುರಿಯಿಟ್ಟು ಬೀಸಿದ. ಆ ಕ್ಷಣಕ್ಕೆ ಪಂಡಿತ ಬಗ್ಗಿದ್ದ. ಮೊನೆ ಹೆಗಲಿಂದ ಮೊಣಕೈವರೆಗೆ ಸೀಳಿಕೊಂಡು ಹೋಯಿತು. ಹಳಬ ಕೈದಿಯ ಮಣಿಕಟ್ಟಿಗೆ ಲಾಠಿ ಇಳಿಸಿದ, ಎಲುಬು ಮುರಿದ ಸದ್ದಿಗೆ ಬ್ರಷ್ಷು ಕೆಳಗೆ ಬಿತ್ತು. ಇಬ್ಬರೂ ಸೇರಿ ಅವನನ್ನು ಒಳಕ್ಕೆ ನೂಕಿ ಬಾಗಿಲು ಮುಚ್ಚಿದರು. ಚಿಲಕ ಹಾಕುವವರೆಗೆ ಪಂಡಿತನಿಗೆ ರಕ್ತ ಕಾಣಲಿಲ್ಲ.

"ಹೇಗಯ್ಯಾ ಗೊತ್ತಾಯ್ತು ಬಗ್ಗಬೇಕು ಅಂತ?" ಎಂದ ಹಳಬ ಏದುಸಿರು ಬಿಡುತ್ತಾ. "ಸುಮ್ನೆ ಪಂಡಿತ ಅನ್ನಲ್ಲ ನಿನ್ನ."

"ಗೊತ್ತಾಗ್ಲಿಲ್ಲ. ಬೂಟಿನ ದಾರ ಬಿಚ್ಚಿತ್ತು. ಕಟ್ಕೊಳೋಕೆ ಬಗ್ಗಿದೆ."

ಹಳಬ ನಂಬಲಿಲ್ಲ. ಪಂಡಿತ ಒತ್ತಾಯ ಮಾಡಲೂ ಇಲ್ಲ.

ತೋಳಿಗೆ ಹೊಲಿಗೆ ಹಾಕಿಸಿಕೊಂಡು ಗೇಟಿಗೆ ಬರುವಾಗ ಎದುರು ಪಾಳಿಯವರು ಕೆಲಸಕ್ಕೆ ಹತ್ತಿದ್ದರು. ಗೇಟಿನಲ್ಲಿ ಪಟಾಕಿ. ಹೊರಹೋಗುವವರ ಮೈ ತಡವಿ ಬಿಡುವುದು ಅವನ ಕೆಲಸ. ಬೀಗದಕೈ ಎಣಿಸಿಕೊಂಡ, ಜೇಬು ತಟ್ಟಿದ, ಪಕ್ಕೆ ತಡವಿದ. ತಾನೇ ಮುರಿದ ಪಕ್ಕೆಯ ಮೇಲೆ ಕೈ ಬಂದಾಗ ಬೇಕಂತಲೇ ಒತ್ತಿದ. ಪಂಡಿತ ತುಟಿ ಕಚ್ಚಿಕೊಂಡ. ಬ್ಯಾಂಡೇಜಿನಿಂದ ರಕ್ತ ಜಿನುಗಿ ಬೆರಳ ತುದಿಗೆ ಬಂದು ನಿಂತಿತ್ತು. ಒಂದು ಹನಿ ಪಟಾಕಿಯ ಬೂಟಿನ ಮೇಲೆ ಬಿತ್ತು.

"ಹೀಗೇ ಆಗ್ಬೇಕು ನಿಮಗೆ," ಎಂದ ಪಟಾಕಿ. ಈಗೆಲ್ಲ ಅವನು ಭಾವ ಎನ್ನುತ್ತಿರಲಿಲ್ಲ. ಬಹುವಚನ ಹಚ್ಚಿ ದೂರ ಇಟ್ಟಿದ್ದ.

"ಆಗ್ಲಿ. ನಿನ್ನ ಅಕ್ಕ ಊಟಕ್ಕೆ ಕಾಯ್ತಾಳೆ. ಒಂದು ಸಲ ಬಂದು ಹೋಗು."

"ನೀವಿರೋ ಮನೆಗೆ ನಾನು ಬರಲ್ಲ."

"ನಾಳೆ ಹಗಲೆಲ್ಲ ನಾನು ಇಲ್ಲೇ ಒಳಗಿರ್ತೀನಿ. ನಿನಗೆ ರಜ. ನಾನಿಲ್ಲದಾಗ ಹೋಗಿ ಬಾ."

ಪಟಾಕಿಯ ಬಲಗೈ ಮುಷ್ಟಿಯಾಯಿತು. ಪಂಡಿತ ನಿಂತೇ ಇದ್ದ, ಮುಖ ತಿರುಗಿಸಲಿಲ್ಲ. ಹ್ಯಾಗಿದ್ದರೂ ಮುರಿದ ಮೂಗು. ಸ್ವಲ್ಪ ಹೊತ್ತಿಗೆ ಮುಷ್ಟಿ ಬಿಚ್ಚಿತು. ಪಟಾಕಿ ತನ್ನ ಬೂಟಿನ ಮೇಲಿನ ರಕ್ತವನ್ನು ಇನ್ನೊಂದು ಕಾಲಿನ ಪ್ಯಾಂಟಿನ ಹಿಂಬದಿಗೆ ಒರೆಸಿಕೊಂಡ, ಗೂಡಿನಿಂದ ಪಂಡಿತನ ಫೋನು ತೆಗೆದು ಅವನ ಒಳ್ಳೆಯ ಕೈಗೆ ಕೊಟ್ಟ, ಗೇಟಿನ ಅಗುಳಿ ಎಳೆದ.

"ಎಷ್ಟು ಹೊತ್ತಿಗೆ ಬರ್ಬೇಕು ಅಂತ ಅಕ್ಕನೇ ಫೋನ್ ಮಾಡ್ಲಿ ಅನ್ನಿ," ಎಂದ, ಎತ್ತಲೋ ನೋಡುತ್ತಾ.